ಒಂಬತ್ತು ಕಿಲೋಮೀಟರು ಗಾಳಿ

ಮೇಜಿನ ಮೇಲೆ ಮೂರು ಡಬ್ಬಿ.
ಒಂದು, ಹುಬ್ಬಳ್ಳಿಯ ಏಜೆಂಟ ಬಿಟ್ಟುಹೋದದ್ದು,
"ಎಂಟು ದಿನ ಇಟಗೊಂಡು ನೋಡ್ರಿ, ರೊಕ್ಕ ಆಮ್ಯಾಲೆ."
ಇನ್ನೊಂದು, ಸಿಂಧನೂರಿನಲ್ಲಿ ಅಂಗಡಿ ಮುಚ್ಚಿದವನ ಹಳೇ ಜೋಡಿ,
ಬೆನ್ನಿಗೆ ಇನ್ನೂ ಅಲ್ಲಿನ ಪಾರಿವಾಳದ ಹಿಕ್ಕೆ.
ಮೂರನೆಯದರ ಬೆಲೆ ಕೇಳಿ ಖಾಜಾಬನ್ನಿ
ಲೆಕ್ಕದ ಪುಸ್ತಕ ಮುಚ್ಚಿ ಚಹಾಕ್ಕೆ ಎದ್ದಳು.

ಮೂರರ ಕಾಗದವೂ ಹೇಳುವುದು ಒಂದೇ: ಇಪ್ಪತ್ತು ಕಿಲೋಮೀಟರು.
ಯಾವ ಊರಿನ ಇಪ್ಪತ್ತು?
ಕಾಗದದಲ್ಲಿ ಗಂಗಾವತಿ ಇಲ್ಲ,
ಗುಂಡಿನ ಮೇಲೆ ಗುಂಡು ಕೂತ ಗುಡ್ಡವಿಲ್ಲ,
ರೈಸ್‌ಮಿಲ್ಲಿನ ಚಿಮಣಿಯಿಂದ ಉದುರುವ ಹೊಟ್ಟಿನ ಬೂದಿ ಇಲ್ಲ,
ಕೇಬಲ್ಲಿನ ತುದಿಯನ್ನು ಕಬ್ಬೆಂದು ಜಗಿಯುವ ಕೋತಿಯಿಲ್ಲ,
ಕರೆಂಟು ಹೋಗಿ ಬಂದ ಮೇಲೆ
ರೇಡಿಯೋ ಕಣ್ಣುಬಿಡಲು ತಗಲುವ
ಎರಡು ನಿಮಿಷ ಹತ್ತು ಸೆಕೆಂಡು ಇಲ್ಲ.
ಆ ಹತ್ತು ಸೆಕೆಂಡಿನಲ್ಲೇ ಎಲ್ಲರ ಫೋನು ಬರುವುದು.

ನಾನು ಮೊದಲು ಕೇಬಲ್ ಟಿವಿಯವನು,
ಹದಿನಾಲ್ಕು ವರ್ಷ ಕಂಬದಿಂದ ಕಂಬಕ್ಕೆ.
ವೈರು ಕಡಿದರೆ ಬೆರಳಿಗೆ ಗೊತ್ತಾಗುತ್ತಿತ್ತು.
ಗಾಳಿ ಕಡಿದರೆ ಎಲ್ಲಿ ಗಂಟು ಹಾಕಲಿ?

ಯಮನೂರಪ್ಪ ಹೊಸಕ್ಯಾಂಪಿನ ನೀರಿನ ಟ್ಯಾಂಕು ಹತ್ತಿದ,
ಬೈಕಿನಿಂದ ಬಿಚ್ಚಿದ ಕನ್ನಡಿ ಜೇಬಿನಲ್ಲಿ.
ನಾನು ಮಿಲ್ಲಿನ ಮಾಳಿಗೆ ಮೇಲೆ, ಕಣ್ಣಿಗೆ ಅಂಗೈ ಅಡ್ಡ.
"ದ್ಯಾಮಣ್ಣ, ಕಾಣ್ತತೇನು?"
"ಇಲ್ಲಪ."
"ಈಗ?"
"ತುಸು ಬಲಕ್ಕ ಹಿಡಿ."
"ಬಲಕ್ಕ ಹಿಡದ್ರ ಬೀಳ್ತೀನಿ!"
ಆಗ, ಗದ್ದೆಗಳಾಚೆ, ಗುಡ್ಡದ ಹೆಗಲಿಗೆ ತಾಗಿಯೂ ತಾಗದೆ,
ಒಂದು ಅಕ್ಕಿಕಾಳಿನಷ್ಟು ಬೆಳಕು.

ನೋಟಕ್ಕೆ ದಾರದಷ್ಟು ದಾರಿ ಸಾಕು. ಅಲೆ ಹಾಗಲ್ಲ,
ನಡುದಾರಿಯಲ್ಲಿ ಬಸುರಿಯ ಹಾಗೆ ಉಬ್ಬುತ್ತದೆ;
ಸುತ್ತ ಹನ್ನೊಂದು ಮೀಟರು ಬಯಲು ಕೇಳುತ್ತದೆ.
ಬೇವಿನ ಮರಕ್ಕೆ ಇದು ತಿಳಿಯದು, ವರ್ಷಕ್ಕೊಂದು ಮೊಳ ಬೆಳೆಯುತ್ತದೆ.
ಕಾಲುವೆಗೆ ನೀರು ಬಿಟ್ಟರಂತೂ ಗದ್ದೆಗದ್ದೆಯೂ ಕನ್ನಡಿ:
ನೆಟ್ಟಗೆ ಬಂದ ಅಲೆಯನ್ನು
ನೀರಿಗೆ ಬಡಿದು ಬಂದ ಅಲೆ ನುಂಗುತ್ತದೆ.
ಹೋದ ವರ್ಷ ನಾಟಿಯ ಹದಿನೆಂಟು ದಿನ
ನಾನು ತಿಂದ ಬೈಗುಳಕ್ಕೆ ಯಾವ ಕಂಪನಿಯೂ ವಾರಂಟಿ ಕೊಟ್ಟಿರಲಿಲ್ಲ.

ಕ್ಯಾಂಪಿನಲ್ಲಿ ಮೊದಲು ನೆಟ್ ಕೇಳಿದವನು ರೇಷನ್ ಅಂಗಡಿಯ ಸೋಮನಾಥ.
ತಿಂಗಳಿಗೊಮ್ಮೆ ಮಿಷನ್ನು ಹಿಡಿದು ಸಿಗ್ನಲ್ ಹುಡುಕುತ್ತ
ಅವನು ಕಾಲುವೆ ದಂಡೆ ಹತ್ತುತ್ತಿದ್ದ,
ಹಿಂದೆ ಚೀಲ ಹಿಡಿದ ಮೂವತ್ತು ಹೆಂಗಸರು.
ಸಿಂಧನೂರಿನ ಹಳೇ ಜೋಡಿಯನ್ನೇ ಕಟ್ಟಿ ನೋಡಿದೆವು.
ಹಸಿರು ದೀಪ ಹತ್ತಿತು. ಸರ್ವರು ಓಗೊಟ್ಟಿತು, ರೆಪ್ಪೆ ಬಡಿಯುವಷ್ಟರಲ್ಲಿ.
ಹುಲಿಗೆಮ್ಮ ಹೆಬ್ಬೆರಳು ಒತ್ತಿದಳು.
ಹೊಂದಿಕೆಯಾಗಲಿಲ್ಲ.
ಇನ್ನೊಮ್ಮೆ. ಹೊಂದಿಕೆಯಾಗಲಿಲ್ಲ.
"ನೆಟ್ ಇಲ್ಲೇನಪ?"
"ಐತಬೇ."
"ಮತ್ತ?"
ನಾಟಿ ಹಚ್ಚಿ, ಕಳೆ ಕಿತ್ತು ಸವೆದ ಬೆರಳು,
ಒಂದು ಗೆರೆಯೂ ಉಳಿದಿರಲಿಲ್ಲ.
ನಾಲ್ಕು ದಿನದಿಂದ ನಾನು ಗೆರೆ ಹುಡುಕುತ್ತಿದ್ದೆ,
ಮಿಲ್ಲಿನಿಂದ ಟ್ಯಾಂಕಿಗೆ.
ಅವಳು ಸೆರಗಿಗೆ ಒರೆಸಿ ಉಂಗುರಬೆರಳಿಟ್ಟಳು.
ಮಿಷನ್ನು ಯೋಚಿಸಿ, ಹೂಂ ಅಂತು.

ಸಂಜೆ ಏಜೆಂಟನ ಫೋನು.
"ಯಾವ್ದು ಆಯ್ಕೆ ಮಾಡಿದ್ರಿ ಸರ?"
ಹಳೇದನ್ನೇ ಅಂದೆ. ಉಳಿದ ರೊಕ್ಕ ಎತ್ತರಕ್ಕೆ ಅಂದೆ.
ಅವನಿಗೆ ಅರ್ಥವಾಗಲಿಲ್ಲ, ಡಬ್ಬಿ ವಾಪಸು ಕಳಿಸಿ ಎಂದ.
ಖಾಜಾಬನ್ನಿ ಪುಸ್ತಕ ತೆರೆದು ಬರೆದುಕೊಂಡಳು:
ಕಬ್ಬಿಣದ ಪೈಪು, ಆರು ಮೀಟರು.
ಬ್ಯಾಟರಿ, ಎರಡು.
ಕೋತಿಗೆ, ಮುಳ್ಳುತಂತಿ ಒಂದು ಸುತ್ತು.
ಯಮನೂರಪ್ಪನ ಬೈಕಿಗೆ ಕನ್ನಡಿ, ಎಡಗಡೆಯದು.