ಎರಡು ಬೆರಳು ಸಂದು

ಬ್ಯಾಟರಿ ಹೊಸದು. ಬ್ಯಾಂಗರಿನ ಅಂಗಡಿಯವ
"ಎಲ್ಲ ಕಾರಿಗೂ ಆಗುತ್ತೆ" ಅಂದಿದ್ದ.
ಎಲ್ಲರಿಗೂ ಆಗುವುದು ಯಾರ ಮೈಗೂ ಕೂರುವುದಿಲ್ಲವೆಂದು
ಇಪ್ಪತ್ತಾರು ವರ್ಷ ರೋಗಿಗಳಿಗೆ
ಆಸ್ಪತ್ರೆಯ ಗೌನು ತೊಡಿಸಿದ ನನಗೆ
ಹೊಳೆಯಬೇಕಿತ್ತು.

ಅರವತ್ತೇಳರ ಟ್ರಯಂಫ್ ಸ್ಪಿಟ್‌ಫೈರ್.
ಬಾನೆಟ್ಟು ಇಡಿಯಾಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ
ನೆಲದಲ್ಲಿ ಬಿದ್ದ ಗುಂಡಿ ಹುಡುಕುವವರ ಹಾಗೆ.
ಎಂಜಿನ್ನಿನ ಹಿಂದೆ, ಗೋಡೆಗೊತ್ತಿ, ತಗಡಿನ ಗೂಡು,
ಮೂಲದ ಬ್ಯಾಟರಿಗೆ ಅಳೆದು ಬಡಿದದ್ದು.
ಹೊಸದನ್ನು ಇಳಿಸಿದರೆ
ಅಣ್ಣನ ಬೂಟಿನಲ್ಲಿ ತಮ್ಮನ ಕಾಲು:
ಪಕ್ಕದಲ್ಲಿ ಎರಡು ಬೆರಳು ಸಂದು,
ಮೇಲೆ, ಅದುಮಿ ಹಿಡಿಯಬೇಕಾದ ಕಬ್ಬಿಣದ ಪಟ್ಟಿ
ಹಿಡಿದದ್ದು ಬರೀ ಗಾಳಿ.

ನಾಂತ್ ಫ್ರಾಂಕನ್ ಕಣಿವೆಯ ಎರಡನೇ ತಿರುವಿನಲ್ಲಿ
ದಡಕ್.
ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು.
ಆಮೇಲೆ ಸುಟ್ಟ ಬಣ್ಣದ ವಾಸನೆ.
ಪಟ್ಟಿ ಜಾರಿ ಪ್ಲಸ್ಸಿನ ತಲೆಗೆ ತಾಗಿ
ಕಿಡಿ, ಗೂಡಿನ ಅಂಚಿನಲ್ಲಿ ಏನೋ ಗೀಚಿತ್ತು.
ಓದುತ್ತ ನಿಲ್ಲಲಿಲ್ಲ. ತಂತಿ ಕಿತ್ತೆ.
ಬೇಲಿಯಾಚೆ ಕುರಿಗಳು ಮೇಯುವುದನ್ನು ಬಿಟ್ಟು ನೋಡಿದವು.

ಪಕ್ಕದ ಮನೆಯ ಗೊರೊನ್ವಿಗೆ ಎಂಬತ್ತನಾಲ್ಕು.
ಸ್ಲೇಟು ಕ್ವಾರಿಯ ಪವರ್‌ಹೌಸಿನಲ್ಲಿ ಸ್ವಿಚ್ಚು ಕಾಯುತ್ತಿದ್ದವ.
ರಬ್ಬರಿನ ಹಗ್ಗ ತೋರಿಸಿ "ಇದರಲ್ಲಿ ಕಟ್ಟಲೇ?" ಅಂದೆ.
ಮಗುವನ್ನು ಗೂಟಕ್ಕೆ ನೇತುಹಾಕಲೇ ಎಂದು ಕೇಳಿದವಳಂತೆ
ನನ್ನನ್ನು ನೋಡಿದ.
"ರಬ್ಬರು ಎಳೆದಷ್ಟೂ ಬರುತ್ತೆ, ಹೆಲೆದ್.
ತಿರುವಿನಲ್ಲಿ ಬ್ಯಾಟರಿ ಎಳೆಯುತ್ತೆ."

ಶೆಡ್ಡಿನ ಕತ್ತಲಿಂದ ಒಂದು ಕಲ್ಲುಹಲಗೆ ತಂದ,
ಫ್ಯೂಸು ಬೋರ್ಡಿನ ಚೂರು, ನಾಲ್ಕು ತೂತು,
ಮಾಸಿದ ಬಿಳಿಯಲ್ಲಿ 'ಪಂಪು ಎರಡು'.
"ಸ್ಲೇಟು. ಕರೆಂಟು ಹಾಯಲ್ಲ, ಆಸಿಡ್ಡು ತಿನ್ನಲ್ಲ.
ಊರೂರಿಗೆ ಚಾವಣಿ ಮಾರಿದ ನಮ್ಮೂರು
ನನಗೆ ಬಿಟ್ಟದ್ದು ಇಷ್ಟು."

ಕಲ್ಲು ಅಡಿಗೆ, ಅದರ ಮೇಲೆ ಸೈಕಲ್ ಟ್ಯೂಬಿನ ತುಂಡು.
ಪಕ್ಕದ ಸಂದಿಗೆ ನನ್ನ ಅಡುಗೆಮನೆಯ ಪ್ಲಾಸ್ಟಿಕ್ ಮಣೆ,
ಗರಗಸ ಹಾಕಿದಾಗ ಈರುಳ್ಳಿ ವಾಸನೆ ಎದ್ದಿತು.
ತೋಟದ ಪೈಪು ಸೀಳಿ ಪಟ್ಟಿಗೆ ತೊಡಿಸಿದೆ,
ಪ್ಲಸ್ಸಿಗೆ ಕೆಂಪು ಟೋಪಿ.
ಇನ್ನು ಕೊಕ್ಕೆಗಳ ತುದಿಯ ಎರಡು ಚಿಟ್ಟೆ ನಟ್ಟು.

ಅವನ ಕೈ ನಿಲ್ಲುವುದಿಲ್ಲ. ಟಾರ್ಚು ಹಿಡಿದ.
ನಟ್ಟು ಬೆಳಕಿಗೆ ಬಂದಾಗ ತಿರುಗಿಸಿದೆ,
ಹೋದಾಗ ಕಾದೆ.
ಒಂದು ಸುತ್ತು ಈ ಕಡೆ, ಒಂದು ಸುತ್ತು ಆ ಕಡೆ.
"ಸಾಕು. ಬಿಗಿಯೋದು ಬೇರೆ, ಹಿಸುಕೋದು ಬೇರೆ.
ಈಗ ಎರಡೂ ಕೈಲಿ ಹಿಡಿದು ಅಲ್ಲಾಡಿಸು.
ಬ್ಯಾಟರಿ ಅಲುಗಿದರೆ ಬಿಚ್ಚು,
ಕಾರು ಅಲುಗಿದರೆ ಚಹಾ ಕುಡಿಯೋಣ."
ಸ್ಪ್ರಿಂಗು ಕಿರುಗುಟ್ಟಿ ಕಾರು ಅಲುಗಿತು.
ಚಹಾ ಕುಡಿದೆವು.

ಸಂಜೆ "ನಾನೂ ಬರ್ತೀನಿ" ಅಂತ ಹತ್ತಿ ಕೂತ.
ಕೂತ ಅಂದರೆ, ಬಾಗಿಲು ಹಿಡಿದು, ಒಂದು ಕಾಲು,
ಆಮೇಲೆ ಬೈಗುಳ, ಆಮೇಲೆ ಇನ್ನೊಂದು ಕಾಲು.
ಹೋದ ಬೇಸಗೆಯಲ್ಲಿ ಬೆಲ್ಟು ಅವನಿಗೆ ಸರಿಯಾಗಿತ್ತು.
ನಾನೇ ಹಾಕಿದ್ದೆ, ಗೊತ್ತು.
ಈಗ ಬಕಲ್ಲನ್ನು ಕೊನೆಯವರೆಗೆ ಎಳೆದೆ.
ಎದೆಗೂ ಪಟ್ಟಿಗೂ ನಡುವೆ
ನನ್ನ ಎರಡು ಬೆರಳು ಸಲೀಸಾಗಿ ಹೋದವು.

ಉಣ್ಣೆಯ ಕಾರ್ಡಿಗನ್ನು ಬಿಚ್ಚಿ, ಮಡಿಸಿ, ಮತ್ತೆ ಮಡಿಸಿ
ಅವನ ಪಕ್ಕೆಗೂ ಬಾಗಿಲಿಗೂ ನಡುವೆ ತುರುಕಿದೆ.
ಅವನು ಬೆಟ್ಟದ ಕಡೆ ನೋಡುತ್ತಿದ್ದ,
ಮಳೆ ಬರುತ್ತೋ ಇಲ್ಲವೋ ಎನ್ನುವ ಹಾಗೆ.

ಎರಡನೇ ತಿರುವು. ಇಬ್ಬರೂ ಮಾತು ನಿಲ್ಲಿಸಿದೆವು.
ಬಾನೆಟ್ಟಿನ ಕೆಳಗೆ ಸದ್ದಿಲ್ಲ.
ಅವನ ಕೋಟಿನ ಜೇಬಲ್ಲಿ ಮಾತ್ರ
ಪೆಪ್ಪರ್‌ಮಿಂಟಿನ ಡಬ್ಬಿ ಕಟಕಟ ಅಂತಿತ್ತು.
ಕೈ ಚಾಚಿದೆ.

"ಅದು ಇರಲಿ," ಅಂದ.