ಐದು ಕಡ್ಡಿ

ಸಂಜೆ ನಾಲ್ಕಕ್ಕೆ ಮಂಡ್ಯದ ಕಲಾಮಂದಿರದಲ್ಲಿ
ಕಸ ಗುಡಿಸುವ ಗೌರಿಯಮ್ಮ ಒಬ್ಬಳೇ.
ಚೆಕ್ ಅಂದೆ. ಮೂಲೆ ಮೂಲೆಗೂ ಹೋಗಿ ಚೆಕ್ ಅಂದೆ,
ಚಪ್ಪಲಿ ಬಿಡುವ ಕಡೆ ನಿಂತು ಕೆಮ್ಮಿದೆ.
ಹನ್ನೆರಡೂ ಮೈಕು ಐದೈದು ಹಸಿರು ಕಡ್ಡಿ ತೋರಿಸಿ
ಶಾಲೆ ಹುಡುಗರಂತೆ ಸಾಲಾಗಿ ನಿಂತವು.
‘ಡಿಜಿಟಲ್ಲು ಮೇಷ್ಟ್ರೇ, ಗೊರಗೊರ ಇಲ್ಲ, ಕೀರಲು ಇಲ್ಲ’
ಹಾರ್ಮೋನಿಯಂ ಮುಂದೆ ನಿಂತು ನಾನೇ ಹೇಳಿದ್ದು.

ರಾತ್ರಿ ಹತ್ತೂವರೆ.
ರಾಜಪಾರ್ಟು ಚನ್ನಂಕೇಗೌಡ,
ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವವ,
ಪಾರ್ಟಿಗೆಂದೇ ನಲವತ್ತು ಸಾವಿರ ಎಣಿಸಿದವ.
ಜರಿಯ ಎದೆಕವಚ, ತಗಡಿನ ಕಿರೀಟ, ಗದೆ,
ಸೊಂಟದಲ್ಲಿ, ಬೆವರಲ್ಲಿ, ನನ್ನ ಡಬ್ಬಿ.
ಎದುರಿಗೆ ಅವನೂರಿಗೆ ಊರೇ,
ಕೈಗೊಂದು ಮೊಬೈಲು, ಎಲ್ಲವೂ ಲೈವು.
ಸಂತೆಮಾಳದ ಹಂಗೆ ಕಿಕ್ಕಿರಿದಿತ್ತು ಗಾಳಿ,
ಕಣ್ಣಿಗೆ ಮಾತ್ರ ಏನೂ ಇಲ್ಲ.

‘ಎಲವೋ ಹೇಡಿ, ಈ ನನ್ನ ಭುಜಬ’
ಅಷ್ಟೇ.
ತುಟಿ ಆಡುತ್ತಿದೆ. ಗದೆ ಏಳುತ್ತಿದೆ. ಮೀಸೆ ಕುಣಿಯುತ್ತಿದೆ.
‘ಡಿಯದೆ ಬಿಡೆನು’ ಅಂತ ತುಣುಕೊಂದು ಬಂತು,
ಮತ್ತೆ ಪಾಳುಬಾವಿ.

ಅಣ್ಣನ ಕಾಲದ ಮೈಕು ಹಿಂಗಿರಲಿಲ್ಲ.
ಕೆಡುವ ಮುಂಚೆ ಗೊಣಗುತ್ತಿತ್ತು, ಕರಕರ ಅನ್ನುತ್ತಿತ್ತು.
ಒಮ್ಮೆ ಕೆರಗೋಡಿನಲ್ಲಿ, ಸತ್ತ ಮಗನ ಮುಂದೆ ರಾಣಿ ಅಳುವಾಗ
ಪೊಲೀಸು ವೈರ್‌ಲೆಸ್ಸು ಒಳಗೆ ನುಗ್ಗಿ
‘ಗುತ್ತಲು ರೋಡಲ್ಲಿ ಲಾರಿ ಪಲ್ಟಿ, ಓವರ್’ ಅಂತು.
ರಾಣಿ ನಕ್ಕಳು. ಹೆಣವೂ ನಕ್ಕಿತು.

ಅಣ್ಣನೂ ಹಂಗೇ. ಮುನಿದರೆ ಬೀದಿಗೆಲ್ಲ ಗೊತ್ತು,
ಅರ್ಧ ಲೋಟ ಟೀಗೆ ತಣ್ಣಗಾಗುತ್ತಿದ್ದ.
ನಾನು ಈ ಡಬ್ಬಿಯ ಜಾತಿ:
ಕೊನೇ ಕಡ್ಡಿವರೆಗೂ ಸರಿಯಾಗೇ ಇರುತ್ತೇನೆ,
ಆಮೇಲೆ ಇರುವುದೇ ಇಲ್ಲ.
ಈ ಸೆಟ್ಟಿಗೆ ದುಡ್ಡು ಕಟ್ಟಿದ ದಿನದಿಂದ ಅವನೊಡನೆ ಮಾತಿಲ್ಲ.
ಕಲ್ಲಹಳ್ಳಿಯಲ್ಲಿ ನಮ್ಮಿಬ್ಬರ ಬಾಗಿಲು ಎದುರುಬದುರು.

ಚಾನೆಲ್ಲು ತಿರುವಿದೆ. ಆಂಟೆನಾ ತಲೆಮೇಲೆ ಹೊತ್ತೆ.
ಸಿಳ್ಳೆ. ‘ಮೈಕಿನೋನೇ, ಎದ್ದೇಳೋ!’
ವ್ಯಾನಿಗೆ ಓಡಿದೆ. ಸ್ಟೆಪ್ನಿ ಕೆಳಗೆ ಸಿಕ್ಕಿತು
ತಲೆ ಜಜ್ಜಿದ ಅಣ್ಣನ ಮೈಕು, ಎಂಬತ್ತಡಿ ವೈರು.
ರಾಜ ಹಿಡಿದ. ಹಿಂದಿನಿಂದ ಸೇನಾಪತಿ
ವೈರು ಸುತ್ತುತ್ತ, ಬಿಡುತ್ತ, ಮತ್ತೆ ಸುತ್ತುತ್ತ
ಯುದ್ಧ ಮುಗಿಯುವ ತನಕ ಅದೇ ಕೆಲಸ.
ಸಾಯುವಾಗ ರಾಜ, ವೈರು ಎಡವದ ಜಾಗ ನೋಡಿಕೊಂಡು ಸತ್ತ.
ಒನ್ಸ್ ಮೋರ್ ಬಿತ್ತು. ಎದ್ದು ಇನ್ನೊಮ್ಮೆ ಸತ್ತ.

ನಾಲ್ಕೂವರೆ ಜಾವ. ಕಡಲೆಕಾಯಿ ಸಿಪ್ಪೆ, ಓರೆಯಾದ ಕುರ್ಚಿ.
ಮೊಬೈಲುಗಳೆಲ್ಲ ಬೈಕು ಹತ್ತಿ ಹೋದವು.
ವೈರು ಮಡಿಸುತ್ತ ತಿರುಗಿದರೆ
ಹನ್ನೆರಡಕ್ಕೆ ಹನ್ನೆರಡೂ, ಐದೈದು ಹಸಿರು.
ಒಂದನ್ನು ಕೈಗೆತ್ತಿಕೊಂಡೆ.
‘ಅಣ್ಣ, ಚೆಕ್’ ಅಂದೆ.
ಎಷ್ಟು ಚೊಕ್ಕ ಬಂತು, ಹೊರಬಾಗಿಲ ತನಕ,
ಗೌರಿಯಮ್ಮ ಪೊರಕೆ ನಿಲ್ಲಿಸಿ
ಯಾರನ್ನು ಕರೆದೆ ಅಂತ ಕೇಳುವಷ್ಟು.