ತಲೆಗೊಂದು

ಸತ್ತ ಅಪ್ಪನ ಚಾಕು ಯಾರ ಕೈಗೆಂದು
ಆಲ್ಸೀಡನೂ ತಿಯೊಫೀಲನೂ ಎದ್ದು ನಿಂತದ್ದೇ,
ಹೋದ ಕ್ರಿಸ್‌ಮಸ್ಸಿನ ಟರ್ಕಿ ಮೇಜಿನ ಮೇಲೇ ತಣ್ಣಗಾಯಿತು.

ಅದಕ್ಕೇ ಈ ಸಲ ಪುಟ್ಟ ಕೋಳಿ, ತಲೆಗೊಂದು.
ಕೊಯ್ಯುವುದಿಲ್ಲ, ಪಾಲಿಲ್ಲ.
ಚಾಕು ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಿದ್ದೇನೆ.

ಮಿಸಿಸಿಪ್ಪಿಯ ಏರಿ ಕೆಳಗಿನ ಮರದ ಸತ್ಸುಮ ಕಿತ್ತಳೆ, ಹನ್ನೆರಡು.
ಆ ಮರ ಯಾರದೆಂದು ಕೋರ್ಟು ಇನ್ನೂ ಹೇಳಿಲ್ಲ;
ಬೆಳಕು ಹರಿಯುವ ಮೊದಲೇ ಕಿತ್ತು ತಂದೆ.
ಹಿಂಡಿ, ಕಬ್ಬಿನ ಕಾಕಂಬಿ ಸುರಿದು,
ಚಮಚದ ಬೆನ್ನಿಗೆ ಅಂಟುವ ತನಕ ಕುದಿಸಿದೆ.

ಓವನ್ನಿನಲ್ಲಿ ಕಾಲಿಗೆ ಕಾಲು ಬಿಗಿದು
ಅಂಗಾತ ಮಲಗಿದ ಐದಕ್ಕೂ
ಹತ್ತು ನಿಮಿಷಕ್ಕೊಮ್ಮೆ ಬ್ರಷ್ಷಿನಲ್ಲಿ ಸವರಿದೆ,
ಎಳೆಗೂಸಿಗೆ ಎಣ್ಣೆ ಒತ್ತಿದ ಹಾಗೆ.

ಕಡೆಯ ಸಲ ಮರೆತೆ.
ಅಂಗಳಕ್ಕೆ ಎರಡು ಟ್ರಕ್ಕು ಒಟ್ಟಿಗೇ ಬಂದವು,
ಒಂದರ ಬಾಗಿಲೂ ತೆರೆಯಲಿಲ್ಲ.
ಅದನ್ನೇ ನೋಡುತ್ತ ನಿಂತೆ,
ರೆಕ್ಕೆಯ ತುದಿ ಕರಿಕಾಯಿತು.

ಊಟಕ್ಕೆ ಕೂತರೂ ಮಾತಿಲ್ಲ. ಬೆರಳೆಲ್ಲ ಅಂಟು.
ಸೊಸೆಯರು ಕೂಡ ಮೂಳೆ ಕೈಯಲ್ಲಿ ಹಿಡಿದೇ ತಿಂದರು.
ತಿಯೊಫೀಲ್ ರೆಕ್ಕೆ ಚೀಪಿ ಅಂದ: ಸ್ವಲ್ಪ ಸೀದಿದೆ.
ಆಲ್ಸೀಡ್, ತಟ್ಟೆಯಿಂದ ತಲೆಯೆತ್ತದೆ:
ಹೂಂ, ಸೀದಿದೆ.

ವರ್ಷವಾಗಿತ್ತು, ಇಬ್ಬರೂ ಒಂದೇ ಮಾತು ಆಡಿ.
ಬ್ರೆಡ್ಡು ತರುವ ನೆವದಲ್ಲಿ
ನಾನು ಎದ್ದು ಒಳಗೆ ಹೋದೆ.